ಗುಂಡಿಯ ಮೇಲಿನ ಮಾತು

ವಿದ್ಯಾರ್ಥಿಗಳೇ, ಕನ್ನಡ ಪಾಠವೆಂದರೆ ಪದ್ಯ, ಗದ್ಯ, ವ್ಯಾಕರಣ ಇಷ್ಟೇ ಎಂದು ನಿಮ್ಮಲ್ಲಿ ಅನೇಕರು ತಿಳಿದಿರುವಿರಿ. ಕಂಪ್ಯೂಟರಿನ ಪರದೆಯ ಮೇಲೆ, ಮೊಬೈಲಿನಲ್ಲಿ, ಒಂದು ಸಣ್ಣ ಗುಂಡಿಯೊಳಗೆ ಬರೆದಿರುವ ಒಂದೆರಡು ಶಬ್ದಗಳೂ ಭಾಷೆಯೇ. ಪದ್ಯದ ಸಾಲು ಅರ್ಥವಾಗದಿದ್ದರೆ ಇನ್ನೊಮ್ಮೆ ಓದಬಹುದು. ಗುಂಡಿಯ ಮಾತು ಅರ್ಥವಾಗದೆ ಒತ್ತಿದರೆ ತುಂಬಿಸಿದ ಅರ್ಜಿಯೇ ಹೋಗಿಬಿಡಬಹುದು.

ವಿದ್ಯಾರ್ಥಿವೇತನದ ಅರ್ಜಿಯ ಕಾಲದಲ್ಲಿ ಹೆತ್ತವರು ಮೊಬೈಲನ್ನು ನಮ್ಮ ಮುಂದೆ ಹಿಡಿದು, "ಮಾಷ್ಟ್ರೇ, ಇದನ್ನು ಒತ್ತಿದರೆ ಏನಾಗ್ತದೆ?" ಎಂದು ಕೇಳುವುದುಂಟು. ಬೀಡಿ ಕಟ್ಟಿ, ಅಡಿಕೆ ಸುಲಿದು ಮಕ್ಕಳನ್ನು ಓದಿಸುವವರು ಇವರು. "ನಮಗೆ ಓದು ಸಾಲದು, ಅದಕ್ಕೇ ತಿಳಿಯುವುದಿಲ್ಲ" ಎಂದು ತಮ್ಮನ್ನೇ ಹಳಿದುಕೊಳ್ಳುತ್ತಾರೆ. ಆದರೆ ಪರದೆಯ ಮೇಲಿದ್ದ ವಾಕ್ಯವನ್ನು ನೋಡಿ: "ರದ್ದು ಮಾಡಬೇಕೇ?" ಕೆಳಗೆ ಎರಡು ಗುಂಡಿಗಳು: "ಸರಿ", "ರದ್ದು". ಅರ್ಜಿಯನ್ನು ಉಳಿಸಿಕೊಳ್ಳಬೇಕಾದವರು ಯಾವುದನ್ನು ಒತ್ತಬೇಕು? ಬಿ.ಎಡ್. ಕಲಿತ ನಮಗೂ ಒಂದು ಗಳಿಗೆ ಯೋಚಿಸಬೇಕಾಯಿತು. ಪ್ರಶ್ನೆಯಲ್ಲಿ ರದ್ದಾಗುವುದು ಅರ್ಜಿ. ಗುಂಡಿಯಲ್ಲಿ ರದ್ದಾಗುವುದು ಆ ಪ್ರಶ್ನೆ. ಒಂದೇ ಶಬ್ದಕ್ಕೆ ಎರಡು ಕೆಲಸ, ಎರಡು ಕಡೆಯೂ ಕರ್ಮಪದವಿಲ್ಲ. "ಅರ್ಜಿಯನ್ನು ಅಳಿಸು", "ಅರ್ಜಿ ಇರಲಿ" ಎಂದು ಬರೆದಿದ್ದರೆ ಯಾರನ್ನೂ ಕೇಳಬೇಕಾಗಿರಲಿಲ್ಲ. ಕರ್ತೃ, ಕರ್ಮ, ಕ್ರಿಯೆ ಎಂದು ನೀವು ತರಗತಿಯಲ್ಲಿ ಬೇಸರದಿಂದ ಬರೆಯುವ ಪಾಠವೇ ಇಲ್ಲಿ ಬೇಕಾದದ್ದು.

ಗಡಿನಾಡಿನ ನಮಗೆ ಇನ್ನೊಂದು ತೊಡಕಿದೆ. ಅರ್ಜಿಗಳು ಹೆಚ್ಚಾಗಿ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇರುತ್ತವೆ. ಕನ್ನಡ ದೊರೆತರೆ ಅದು ಕೆಲವೊಮ್ಮೆ ಯಂತ್ರವು ಮಾಡಿದ ಕನ್ನಡ. ಹಿಂದಿನ ಪುಟಕ್ಕೆ ಹೋಗುವ "ಬ್ಯಾಕ್" ಗುಂಡಿಯ ಮೇಲೆ "ಬೆನ್ನು" ಎಂದು ಬರೆದದ್ದನ್ನೂ ಕಂಡಿದ್ದೇವೆ! ನಗು ಬಂದರೂ, ಆ ಬೆನ್ನನ್ನು ಒತ್ತಬೇಕಾದವರ ಪಾಡೇನು?

ಬಳಸುವವನ ತಪ್ಪೆಂದು ತೋರುವುದು ಮಾಡಿದವನ ದೋಷವಾಗಿರಬಹುದು ಎಂಬುದಕ್ಕೆ ಚರಿತ್ರೆಯಲ್ಲಿ ಒಂದು ಪ್ರಸಿದ್ಧ ಉದಾಹರಣೆಯಿದೆ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಬಿ-17 ಎಂಬ ಬಾಂಬರ್ ವಿಮಾನಗಳು ಸರಿಯಾಗಿ ನೆಲಕ್ಕಿಳಿದ ಮೇಲೆ ಚಕ್ರ ಮಡಚಿಕೊಂಡು ಹೊಟ್ಟೆಯ ಮೇಲೆ ಕುಸಿಯುತ್ತಿದ್ದವು. ವಿಮಾನ ಚಾಲಕರ ತಪ್ಪು ಎಂದೇ ಎಣಿಸಲಾಗಿತ್ತು. ಆಲ್ಫಾನ್ಸ್ ಚಪಾನಿಸ್ ಎಂಬ ಮನೋವಿಜ್ಞಾನಿಯು ಚಾಲಕನ ಆಸನದ ಮುಂದಿನ ಭಾಗವನ್ನು ಪರಿಶೀಲಿಸಿದರು. ರೆಕ್ಕೆಯ ಫ್ಲ್ಯಾಪುಗಳನ್ನು ಆಡಿಸುವ ಸ್ವಿಚ್ಚೂ ಚಕ್ರಗಳನ್ನು ಮಡಚುವ ಸ್ವಿಚ್ಚೂ ಅಕ್ಕಪಕ್ಕದಲ್ಲಿ, ಅವಳಿ ಮಕ್ಕಳ ಹಾಗೆ ಒಂದೇ ರೂಪದಲ್ಲಿದ್ದವು. ದಣಿದ ಚಾಲಕನ ಕೈ ಒಂದರ ಬದಲು ಇನ್ನೊಂದರ ಮೇಲೆ ಬೀಳುತ್ತಿತ್ತು. ಒಂದಕ್ಕೆ ಪುಟ್ಟ ಚಕ್ರದ ಆಕಾರವನ್ನೂ ಇನ್ನೊಂದಕ್ಕೆ ಬೆಣೆಯ ಆಕಾರವನ್ನೂ ಕೊಟ್ಟದ್ದರಿಂದ ಗೊಂದಲ ತೀರಿತು. ಇಂದಿಗೂ ಪ್ರಯಾಣಿಕರ ದೊಡ್ಡ ವಿಮಾನಗಳಲ್ಲಿ ಚಕ್ರದ ಹಿಡಿಯ ತುದಿಯು ಚಕ್ರದಂತೆಯೇ ಇರುತ್ತದೆ.

ಹಾಗೆಂದು ಚಿತ್ರ ಹಾಕಿದರೆ ಎಲ್ಲವೂ ಸರಿಹೋಗುವುದಿಲ್ಲ. ಬರೆದದ್ದನ್ನು ಉಳಿಸುವ ಗುಂಡಿಯ ಮೇಲೆ ಫ್ಲಾಪಿಯ ಚಿತ್ರ ಈಗಲೂ ಇದೆ. ಫ್ಲಾಪಿಯನ್ನೇ ಕಾಣದ ನಮ್ಮ ಒಂಬತ್ತನೆಯ ತರಗತಿಯ ಹುಡುಗರು ಅದನ್ನು ಕಪಾಟು ಎನ್ನುತ್ತಾರೆ. ಒಂದು ರೀತಿಯಲ್ಲಿ ಅವರೇ ಸರಿ.

ಕಲಿತವರೂ ಎಡವುತ್ತಾರೆ. 2020ರ ಆಗಸ್ಟ್ ತಿಂಗಳಲ್ಲಿ ಅಮೆರಿಕದ ಸಿಟಿಬ್ಯಾಂಕು ರೆವ್ಲಾನ್ ಕಂಪೆನಿಯ ಸಾಲದ ಬಾಬ್ತು ಸುಮಾರು 78 ಲಕ್ಷ ಡಾಲರ್ ಬಡ್ಡಿಯನ್ನು ಸಾಲ ಕೊಟ್ಟವರಿಗೆ ಹಂಚಬೇಕಾಗಿತ್ತು. ಹೊರಗೆ ಹೋದದ್ದು ಸುಮಾರು 90 ಕೋಟಿ ಡಾಲರ್! ಅಸಲು ಹಣ ಬ್ಯಾಂಕಿನೊಳಗೇ ನಿಲ್ಲಬೇಕಾದರೆ ಪರದೆಯಲ್ಲಿ ಮೂರು ಚೌಕಗಳಿಗೆ ಗುರುತು ಹಾಕಬೇಕಿತ್ತು. "ಪ್ರಿನ್ಸಿಪಲ್" ಎಂಬ ಒಂದಕ್ಕೆ ಮಾತ್ರ ಹಾಕಿದರು. "ಫ್ರಂಟ್", "ಫಂಡ್" ಎಂಬ ಉಳಿದೆರಡರ ಹೆಸರಿನಿಂದ ಅವುಗಳ ಕೆಲಸ ಊಹಿಸುವಂತಿರಲಿಲ್ಲ. ಮೂವರು ಒಬ್ಬರ ನಂತರ ಒಬ್ಬರು ನೋಡಿ ಒಪ್ಪಿದ್ದರು. ಅವರಲ್ಲಿ ಇಬ್ಬರು ಭಾರತದಲ್ಲಿ ಕುಳಿತು ಕೆಲಸ ಮಾಡುವವರು. ಹಣ ಬ್ಯಾಂಕಿನಿಂದ ಹೊರಗೆ ಹೋಗುವುದು, ಮುಂದುವರಿಯಬೇಕೇ ಎಂದು ಪರದೆ ಎಚ್ಚರಿಸಿತ್ತಂತೆ. ಎಷ್ಟು ಹಣ ಎಂದು ಹೇಳಲಿಲ್ಲ. ಬಡ್ಡಿಯಂತೂ ಹೊರಗೆ ಹೋಗಲೇಬೇಕಿತ್ತಲ್ಲ, ಹೌದು ಎಂದರು. ಸುಮಾರು 50 ಕೋಟಿ ಡಾಲರ್ ಪಡೆದವರು ಹಿಂದೆ ಕೊಡಲೊಪ್ಪಲಿಲ್ಲ. 2021ರಲ್ಲಿ ನ್ಯಾಯಾಲಯವು ಅವರ ಪರವಾಗಿಯೇ ತೀರ್ಪಿತ್ತಿತು. 2022ರಲ್ಲಿ ಮೇಲಿನ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಆ ಎಚ್ಚರಿಕೆಯಲ್ಲಿ ಒಂದು ಸಂಖ್ಯೆ ಇದ್ದಿದ್ದರೆ ಸಾಕಾಗುತ್ತಿತ್ತೆಂದು ನಮ್ಮ ಅನಿಸಿಕೆ.

ಇನ್ನು ಅಭ್ಯಾಸ. ರಜೆಯಲ್ಲಿ ಮನೆಯ ಮೊಬೈಲಿನಲ್ಲಿ ಕಾಣುವ ಹತ್ತು ಗುಂಡಿಗಳ ಮಾತನ್ನು ಪುಸ್ತಕದಲ್ಲಿ ಬರೆದುಕೊಳ್ಳಿ. ಪ್ರತಿಯೊಂದನ್ನೂ ಅಜ್ಜಿಗೆ ಓದಿ ಹೇಳಿ, ಒತ್ತಿದರೆ ಏನಾಗಬಹುದೆಂದು ಕೇಳಿ. ಅವರು ಹೇಳಿದ್ದನ್ನು ತಿದ್ದದೆ ಬರೆಯಿರಿ. ಆಮೇಲೆ ಒತ್ತಿ ನೋಡಿ. ಹಣದ ಗುಂಡಿಗಳನ್ನು ಬಿಟ್ಟು. ಎಲ್ಲಿ ವ್ಯತ್ಯಾಸ ಬಂತೋ ಅಲ್ಲಿ ಅಜ್ಜಿಗೆ ತಿಳಿಯುವಂಥ ಕನ್ನಡದಲ್ಲಿ, ಮೂರು ಶಬ್ದ ಮೀರದಂತೆ, ಆ ಗುಂಡಿಗೆ ಹೊಸ ಮಾತು ಬರೆದು ತನ್ನಿ. ತುಳುವಿನಲ್ಲಿ ಹೊಳೆದರೆ ಅದನ್ನೂ ಬರೆಯಬಹುದು.