ಗೊಬ್ಬರದ ಫಲವನ್ನು ತೂಗುವ ಲೆಕ್ಕ: ನಿಯಾಮಕ ಕಾರಣ ಮತ್ತು ಮಧ್ಯವರ್ತಿ ಕಾರಣ

ಸಾರಜನಕದ ಗೊಬ್ಬರದಿಂದ ಬತ್ತದ ಇಳುವಳಿಯು ಎಷ್ಟು ಹೆಚ್ಚುವುದೆಂದು ರೈತರು ಗ್ರಾಮಪ್ರಮುಖರನ್ನು ಕೇಳುವುದುಂಟು. ಒಂದೇ ಅಂಕೆಯಲ್ಲಿ ಉತ್ತರವಿತ್ತರೆ ಕೆಲವರಿಗೆ ಹಣವೂ ಪಯಿರೂ ನಷ್ಟವಾದೀತು. ಒಂದು ಪರಿಮಾಣವು ಹೆಚ್ಚಿದಂತೆ ಮತ್ತೊಂದು ಸರಾಸರಿಯಲ್ಲಿ ಎಷ್ಟು ವ್ಯತ್ಯಾಸಗೊಳ್ಳುವುದೆಂದು ಅನೇಕ ತಾಕುಗಳ ಅಂಕೆಗಳಿಂದ ತಿಳಿಯುವ ಗಣಿತಕ್ಕೆ ರಿಗ್ರೆಷನ್ ಎಂದು ಹೆಸರು. ಇದರಲ್ಲಿ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ವಿಚಾರಿಸತಕ್ಕದ್ದು.

1. ನಿಯಾಮಕ ಕಾರಣ.— ಇದು "ಎಂತಹ ಸಂದರ್ಭದಲ್ಲಿ?" ಎಂಬ ಪ್ರಶ್ನೆ. ಎತ್ತರದ ತಳಿಗಳು ಸಾರಜನಕವು ಅಧಿಕವಾದರೆ ನೆಲಕ್ಕೊರಗುವುವು. ಗಿಡ್ಡ ತಳಿಗಳು ತಡೆದು ನಿಲ್ಲುವುವು. ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಬತ್ತ ಸಂಶೋಧನ ಸಂಸ್ಥೆಯು 1966ರಲ್ಲಿ ಬಿಡುಗಡೆ ಮಾಡಿದ ಐ. ಆರ್. 8 ಎಂಬ ತಳಿಯು, ಎತ್ತರದ ಪೇಟಾ ಮತ್ತು ಗಿಡ್ಡನೆಯ ಡೀ-ಜಿಯೊ-ವೂ-ಜೆನ್ ಎಂಬವುಗಳ ಸಂಕರದಿಂದ ಹುಟ್ಟಿ, ಈ ಗುಣದಿಂದಲೇ ಪ್ರಸಿದ್ಧವಾಯಿತು.

ದೃಷ್ಟಾಂತಕ್ಕಾಗಿ ಕಲ್ಪಿಸಿದ ಅಂಕೆಗಳನ್ನು ನೋಡಿರಿ. ಹೆಕ್ಟೇರಿಗೆ ಹಾಕಿದ ಪ್ರತಿ ಕಿಲೋಗ್ರಾಂ ಸಾರಜನಕಕ್ಕೆ ಗಿಡ್ಡ ತಳಿಯಲ್ಲಿ 20 ಕಿಲೋಗ್ರಾಂ ಬತ್ತ ಹೆಚ್ಚಿ, ಎತ್ತರದ ತಳಿಯಲ್ಲಿ 10 ಕಿಲೋಗ್ರಾಂ ಕಡಿಮೆಯಾಗಲಿ. ಎರಡರ ತಾಕುಗಳೂ ಸಮಸಂಖ್ಯೆಯಲ್ಲಿದ್ದರೆ ಸರಾಸರಿಯು 5 ಎಂದಾಗುವುದು. ಈ 5 ಎಂಬುದು ಯಾರ ಗದ್ದೆಗೂ ಸಲ್ಲದು. ಆದಕಾರಣ ಎತ್ತರದ ತಳಿಗೆ 0, ಗಿಡ್ಡ ತಳಿಗೆ 1 ಎಂದಿಟ್ಟು, ಗೊಬ್ಬರವನ್ನು ಇದರಿಂದ ಗುಣಿಸಿದ ಪದವೊಂದನ್ನು ಲೆಕ್ಕಕ್ಕೆ ಸೇರಿಸಬೇಕು. ಆ ಪದದ ಗುಣಕವಾದ 30, ಎರಡು ತಳಿಗಳ ಫಲಕ್ಕಿರುವ ಅಂತರವನ್ನು ತೋರಿಸುವುದು.

2. ಮಧ್ಯವರ್ತಿ ಕಾರಣ.— ಇದು "ಯಾವ ಮಾರ್ಗದಿಂದ?" ಎಂಬ ಪ್ರಶ್ನೆ. ಸಾರಜನಕವು ತೆಂಡೆಗಳನ್ನು ಹೆಚ್ಚಿಸುವುದು. ತೆನೆಬಿಡುವ ತೆಂಡೆಗಳು ಹೆಚ್ಚಿದರೆ ಕಾಳೂ ಹೆಚ್ಚುವುದು. ಗಿಡ್ಡ ತಳಿಯಲ್ಲಿ ಪ್ರತಿ ಕಿಲೋಗ್ರಾಂ ಸಾರಜನಕಕ್ಕೆ ಚದರ ಮೀಟರಿಗೆ 1 ತೆನೆಯೂ, ಗೊಬ್ಬರವು ಸಮವಿದ್ದಾಗ ಅಂತಹ ಪ್ರತಿ ತೆನೆಗೆ ಹೆಕ್ಟೇರಿಗೆ 12 ಕಿಲೋಗ್ರಾಂ ಬತ್ತವೂ ಹೆಚ್ಚಿದರೆ, ಒಟ್ಟು 20ರಲ್ಲಿ 12 ತೆನೆಗಳ ಮಾರ್ಗದಿಂದ ಬಂದುದು. ಉಳಿದ 8 ಅನ್ಯ ಮಾರ್ಗಗಳಿಂದ ಬಂದುದು.

ಇಲ್ಲೊಂದು ಎಚ್ಚರಿಕೆ ಅವಶ್ಯ. ಗೊಬ್ಬರವನ್ನು ತಾಕುಗಳಿಗೆ ಚೀಟಿಯೆತ್ತಿ ಹಂಚಬಹುದು. ತೆನೆಗಳನ್ನು ಹಾಗೆ ಹಂಚಲಾಗದು. ನೀರಿನ ಅನುಕೂಲವೊಂದೇ ತೆನೆಯನ್ನೂ ಕಾಳನ್ನೂ ಹೆಚ್ಚಿಸಿದ್ದರೆ, ಅದನ್ನು ಲೆಕ್ಕಕ್ಕೆ ತಾರದವನು ತೆನೆಗೆ ಸಲ್ಲದ ಕೀರ್ತಿಯನ್ನು ಕೊಡುವನು.

ಆದುದರಿಂದ ಜಮೀನುದಾರರು ಗೊಬ್ಬರ ಹಾಕದ ತಾಕೊಂದನ್ನು ಬಿಟ್ಟು, ತಳಿ, ಗೊಬ್ಬರದ ಪ್ರಮಾಣ, ನೀರು, ತೆನೆಯೆಣಿಕೆ, ಒರಗಿದ ಪಯಿರು, ಇಳುವಳಿ ಇವನ್ನು ತಾಕುವಾರು ಬರೆದಿಡುವುದು ಯುಕ್ತವು. ನೆರೆಯವನ ಗದ್ದೆಯಲ್ಲಿ ಫಲಿಸಿದುದು ತಮ್ಮಲ್ಲಿಯೂ ಫಲಿಸುವುದೇ ಎಂಬುದನ್ನು ಖರ್ಚಿಗೆ ಮೊದಲೇ ವಿವೇಚಿಸಲು ಇದು ಸಾಧನವಾಗುವುದು.