ಟೇಪು ಹಿಡಿದು ಬಾ, ದುಡ್ಡು ಆಮೇಲೆ

ಅಳಿಯಾ,

ಹಂಪ್ ಹತ್ತಿಳಿದಾಗಲೆಲ್ಲ ಗಾಡಿ ಹಿಂದೆ ‘ಡಬ್’ ಅಂತ ತಳ ಹೊಡೆಯುತ್ತೆ, ಹೊಸ ಶಾಕಪ್ ಜೋಡಿ ಹಾಕಿಸ್ತೀನಿ ಮಾವ ಅಂದೆಯಲ್ಲ, ಸ್ವಲ್ಪ ತಡಿ. ನಿನ್ನ ತೂಕ 105 ಕಿಲೋ, ನಿನ್ನ ಸ್ಪ್ಲೆಂಡರಿನದು ಸುಮಾರು 112. ಹೆಚ್ಚುಕಡಿಮೆ ಇನ್ನೊಂದು ಗಾಡಿಯನ್ನೇ ಅದರ ಬೆನ್ನ ಮೇಲೆ ಹೇರಿಕೊಂಡು ಆಫೀಸಿಗೆ ಹೋಗಿ ಬರ್ತಿದ್ದೀಯ. ನಗಬೇಡ, ನಿನ್ನ ವಯಸ್ಸಿಗೆ ನಾನೂ ನೂರು ದಾಟಿದ್ದೆ.

ಮೊದಲು ಗಾಳಿ. ಕಂಪನಿಯವರು ಒಬ್ಬರಿಗೆ ಒಂದು, ಇಬ್ಬರಿಗೆ ಒಂದು ಅಂತ ಎರಡು ಅಂಕಿ ಕೊಟ್ಟಿರ್ತಾರೆ. ಹಿಂದಿನ ಟೈರಿಗೆ ನೀನು ಒಬ್ಬನೇ ಕೂತರೂ ಎರಡನೆಯ ಅಂಕಿಯ ಹತ್ತಿರಕ್ಕೇ ಹೋಗಬೇಕು. ಆಮೇಲೆ ಸ್ವಿಂಗ್ ಆರ್ಮ್ ಬುಷ್ ನೋಡಿಸು. ಬುಷ್ ಸವೆದ ಗಾಡಿಗೆ ಚಿನ್ನದ ಶಾಕಪ್ ಹಾಕಿದರೂ ಹಿಂಭಾಗ ಅಲ್ಲಾಡೋದು ನಿಲ್ಲಲ್ಲ.

ಇನ್ನು ಅಳತೆ. ದುಡ್ಡು ಉಳಿಯೋದು ಇಲ್ಲೇ. ಗಾಡಿಯನ್ನು ಮೇನ್ ಸ್ಟ್ಯಾಂಡ್ ಮೇಲೆ ಎತ್ತಿ ನಿಲ್ಲಿಸು, ಹಿಂದಿನ ಚಕ್ರ ನೆಲ ಬಿಟ್ಟು ತೂಗಲಿ. ಚಕ್ರದ ಆಕ್ಸಲ್ ನಟ್ಟಿನಿಂದ ನೇರ ಮೇಲಕ್ಕೆ, ಸೀಟಿನ ಕೆಳಗೆ ಒಂದು ಗುರುತು ಅಂಟಿಸಿ, ನಡುವಿನ ದೂರ ಬರೆದುಕೋ. ಆಮೇಲೆ ಸ್ಟ್ಯಾಂಡ್ ಇಳಿಸಿ, ಹೆಲ್ಮೆಟ್, ಊಟದ ಬ್ಯಾಗು ಸಮೇತ ದಿನಾ ಕೂರುವ ಹಾಗೆಯೇ ಕೂರು, ಇನ್ನೊಬ್ಬರು ಮತ್ತೆ ಅಳೆಯಲಿ. ಎರಡರ ವ್ಯತ್ಯಾಸವೇ ನಿನ್ನ ಭಾರಕ್ಕೆ ಗಾಡಿ ಕುಸಿಯುವ ಲೆಕ್ಕ. ಶಾಕಪ್ ಒಟ್ಟು ಇಳಿಯಬಲ್ಲ ದೂರದ ಮೂರರಲ್ಲಿ ಒಂದು ಪಾಲು ಕುಸಿದರೆ ಸರಿ. ಇಂಥ ಗಾಡಿಗೆ 25–30 ಮಿ.ಮೀ. ಅನ್ನು. ಅರ್ಧವೇ ನೀನು ಕೂತಾಗ ಖರ್ಚಾಗಿಬಿಟ್ಟರೆ ಗುಂಡಿಗೆ ಉಳಿಯೋದೇನು?

ಶಾಕಪ್ಪಿನ ಬುಡದಲ್ಲಿ ಮೆಟ್ಟಿಲು ಕಡಿದ ರಿಂಗ್ ಇದೆಯಲ್ಲ, ಐದು ಹಂತದ್ದು, ಅದನ್ನು ಒಂದೊಂದೇ ಹಂತ ಏರಿಸಿ ಮತ್ತೆ ಅಳೆ. ಎರಡೂ ಕಡೆ ಒಂದೇ ಹಂತ ಇರಲಿ. ಖರ್ಚು ಸೊನ್ನೆ. ಆದರೆ ಒಂದು ಮಾತು: ರಿಂಗ್ ತಿರುಗಿಸಿದರೆ ಗಾಡಿ ಮೇಲೇಳುತ್ತದೆಯೇ ಹೊರತು ಸ್ಪ್ರಿಂಗ್ ಗಟ್ಟಿಯಾಗಲ್ಲ. ಕೊನೆಯ ಹಂತಕ್ಕೆ ಏರಿಸಿದ ಮೇಲೂ ಗಾಡಿ ತಳ ಹೊಡೆದರೆ, ಮತ್ತೆ ನೀನು ಇಳಿದ ಮೇಲೆ ಖಾಲಿ ಗಾಡಿ ಚೂರೂ ಕುಸಿಯದೆ ಸೆಟೆದು ನಿಂತರೆ, ಸ್ಪ್ರಿಂಗೇ ನಿನ್ನ ತೂಕಕ್ಕೆ ಸಾಲದು. ಆಗ ಪರ್ಸಿಗೆ ಕೈ ಹಾಕು.

ತಂತಿಯ ದಪ್ಪ ಒಂದು ಚೂರು ಹೆಚ್ಚಾದರೂ ಸ್ಪ್ರಿಂಗಿನ ಬಿಗಿ ಎಷ್ಟೋ ಹೆಚ್ಚುತ್ತೆ. ಸುರುಳಿ, ಅಗಲ ಎಲ್ಲ ಹಾಗೇ ಇದ್ದು 7 ಮಿ.ಮೀ. ತಂತಿ 8 ಆದರೆ ಬಿಗಿ ನೂರಕ್ಕೆ ಸುಮಾರು 70 ಪಾಲು ಏರುತ್ತೆ. ಆದ್ದರಿಂದ ‘ಅತಿ ದಪ್ಪಂದು ಕೊಡಿ’ ಅನ್ನಬೇಡ. ಒಳಗಿನ ಆಯಿಲ್ ಆ ಬಿಗಿಯನ್ನು ತಡೆದು ನಿಧಾನಕ್ಕೆ ಬಿಡದಿದ್ದರೆ ಗಾಡಿ ರಬ್ಬರ್ ಚೆಂಡಿನ ಹಾಗೆ ಪುಟಿಯುತ್ತೆ. ಹೊಸ ಶಾಕಪ್ಪಿನ ಮೇಲಿನ ಬೋಲ್ಟ್ ಕಣ್ಣಿನಿಂದ ಕೆಳಗಿನ ಕಣ್ಣಿಗೆ ಇರುವ ಉದ್ದ ಹಳೆಯದರಷ್ಟೇ ಇರಲಿ. ನಾನು ಒಮ್ಮೆ ಚಂದಕ್ಕೆ ಅಂತ ಒಂದು ಇಂಚು ಉದ್ದದ್ದು ಹಾಕಿಸಿದ್ದೆ. ಸ್ಟ್ಯಾಂಡ್ ನೆಲ ಮುಟ್ಟದೆ ತೂಗಾಡುತ್ತಿತ್ತು, ಆಗುಂಬೆ ಘಾಟಿಯ 14 ತಿರುವಿನಲ್ಲೂ ಹ್ಯಾಂಡಲ್ ಕೈಯಲ್ಲಿ ನಡುಗಿತು. ವಾರದೊಳಗೆ ಹಳೆಯದನ್ನೇ ತಂದು ಕೂರಿಸಿದೆ.

ಮುಂದಿನ ಫೋರ್ಕಿಗೆ ಹೊಸ ಆಯಿಲ್, ಸೀಲ್ ಹಾಕಿಸು, ಅದರಲ್ಲೇ ಅರ್ಧ ಸುಖ. ‘ದಪ್ಪ ಆಯಿಲ್ ಹಾಕಿದರೆ ತೂಕ ತಡೆಯುತ್ತೆ’ ಅಂತ ಯಾರಾದರೂ ಅಂದರೆ ನಂಬಬೇಡ. ಭಾರ ಹೊರೋದು ಸ್ಪ್ರಿಂಗ್, ಆಯಿಲ್ ಅದರ ಓಟ ತಡೆಯುತ್ತೆ ಅಷ್ಟೆ. ತೀರಾ ದಪ್ಪವಾದರೆ ಸಾಲು ಗುಂಡಿಗಳಲ್ಲಿ ಫೋರ್ಕ್ ಮೇಲೇಳೋಕೆ ಪುರಸೊತ್ತಿಲ್ಲದೆ ಕೆಳಗೇ ಉಳಿದುಬಿಡುತ್ತೆ. ಮುಂಭಾಗ ತೀರಾ ಕುಸಿದರೆ ಸ್ಪ್ರಿಂಗ್ ತಲೆಗೆ 15 ಮಿ.ಮೀ. ಉದ್ದದ ಪೈಪಿನ ತುಂಡು, ಅದರ ಮೇಲೊಂದು ವಾಷರ್ ಇಡೋದುಂಟು. ಅದನ್ನು ಮಾತ್ರ ನೀನೇ ಮಾಡೋಕೆ ಹೋಗಬೇಡ. ನಾನು ಹಿತ್ತಿಲಲ್ಲಿ ಕೂತು ಫೋರ್ಕಿನ ಮುಚ್ಚಳ ಬಿಚ್ಚಿದಾಗ ಅದು ಮೂಗಿನ ಪಕ್ಕದಲ್ಲೇ ಹಾರಿ ಹೋಗಿ ಸಿಮೆಂಟ್ ಶೀಟಿಗೆ ತೂತು ಮಾಡಿತು. ಮಳೆಗಾಲದಲ್ಲಿ ನಿನ್ನ ಅತ್ತೆ ಈಗಲೂ ಅದರ ಕೆಳಗೆ ಬಕೆಟ್ ಇಟ್ಟು ನನ್ನ ಮುಖ ನೋಡ್ತಾಳೆ.

ಭಾನುವಾರ ಬೆಳಿಗ್ಗೆ ತಿಂಡಿಗೆ ಬಂದುಬಿಡು, ಅಳೆಯೋಣ. ನಿನ್ನ ತಂಗಿಯನ್ನೂ ಕರೆದುಕೊಂಡು ಬಾ, ಟೇಪು ಹಿಡಿದು ಕೂತು ಏಳೋಕೆ ನನ್ನ ಮಂಡಿ ಕೇಳಲ್ಲ. ತೂಕ ಸರಿಯಾಗಿ ಸಿಗಲಿ ಅಂತ ದೋಸೆ ಅಳತೆ ಆದ ಮೇಲೆ.