ಹಳೆಯ ಫಿಯೆಟ್ ಗಾಡಿಯೊಳಗಿನ ಪಿಯುಸಿ ವಿಜ್ಞಾನ



ಈ ಸಂಚಿಕೆಗೆ ಪಠ್ಯಕ್ಕೆ ಹತ್ತಿರವಾದ ಒಂದು ಲೇಖನ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದಾಗ ನನಗೆ ಮೊದಲು ನೆನಪಾದದ್ದು ನಮ್ಮ ಜೆ.ಪಿ. ನಗರದ ಮನೆಯ ಶೆಡ್ಡಿನಲ್ಲಿರುವ ಕಾರು. ಅದು 1970ರಲ್ಲಿ ನೋಂದಣಿಯಾದ ಫಿಯೆಟ್ 1100 ಡಿ. ನಂಬರ್ ಪ್ಲೇಟಿನಲ್ಲಿ ಇನ್ನೂ ‘ಎಂ.ವೈ.’ ಎಂದೇ ಇದೆ. ರಾಜ್ಯಕ್ಕೆ ಮೈಸೂರು ಎಂಬ ಹೆಸರಿದ್ದ ಕಾಲದ ಅಕ್ಷರಗಳವು. ಹನ್ನೆರಡು ವರ್ಷ ಕದಲದೆ ನಿಂತಿದ್ದ ಈ ಗಾಡಿಯನ್ನು ಗುಜರಿಗೆ ಹಾಕುವುದೋ, ಉಳಿಸಿಕೊಳ್ಳುವುದೋ ಎಂಬ ಮಾತು ಮನೆಯಲ್ಲಿ ಪ್ರತಿ ಹಬ್ಬಕ್ಕೂ ಏಳುತ್ತಿತ್ತು. ಅಬ್ಬಾ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಕೊನೆಗೆ ಒಂದು ದಿನ ‘ಒಮ್ಮೆ ಇದರಲ್ಲಿ ಜಯನಗರ ನಾಲ್ಕನೇ ಬ್ಲಾಕಿಗೆ ಹೋಗಿ ತರಕಾರಿ ತರಬೇಕು’ ಎಂದಷ್ಟೇ ಹೇಳಿದರು. ಅವರಿಗೆ ಎಪ್ಪತ್ತೆಂಟು ವರ್ಷ. ಅಲ್ಲಿಂದ ನಾನೂ, ಎರಡನೇ ಪಿಯುಸಿ ಓದುತ್ತಿರುವ ಅಕ್ಕನ ಮಗನೂ ಕೆಲಸ ಹಿಡಿದೆವು.

ಮೊದಲು ಗಾಡಿಯ ಪರಿಚಯ. ಮುಂಬಯಿಯ ಕುರ್ಲಾದಲ್ಲಿ ಕಾರ್ಖಾನೆ ಹೊಂದಿದ್ದ ಪ್ರೀಮಿಯರ್ ಆಟೊಮೊಬೈಲ್ಸ್ ಸಂಸ್ಥೆಯನ್ನು 1944ರಲ್ಲಿ ವಾಲ್‌ಚಂದ್ ಹೀರಾಚಂದ್ ಸ್ಥಾಪಿಸಿದರು. ಇಟಲಿಯ ಫಿಯೆಟ್ ಕಂಪನಿಯ ಪರವಾನಗಿಯಲ್ಲಿ ಅವರು 1964ರಿಂದ 1100 ಡಿ ಮಾದರಿಯನ್ನು ಇಲ್ಲಿ ತಯಾರಿಸಿದರು. ಅದೇ ಗಾಡಿ ಆಮೇಲೆ ಸ್ವಲ್ಪ ಕಾಲ ಪ್ರೀಮಿಯರ್ ಪ್ರೆಸಿಡೆಂಟ್ ಆಯಿತು, 1974ರಿಂದ ಪ್ರೀಮಿಯರ್ ಪದ್ಮಿನಿ ಆಯಿತು. ಮುಂಬಯಿಯ ಕಪ್ಪು ಹಳದಿ ಟ್ಯಾಕ್ಸಿಯಾಗಿ ಎಲ್ಲರೂ ಸಿನಿಮಾದಲ್ಲಿ ನೋಡಿರುವ ಗಾಡಿ ಇದೇ ವಂಶದ್ದು. ಇಂಜಿನ್ನಿನ ಗಾತ್ರ 1089 ಸಿ.ಸಿ. ಈ ಅಂಕಿಯನ್ನು ನೀವೇ ಲೆಕ್ಕ ಹಾಕಿ ನೋಡಿ: ಸಿಲಿಂಡರಿನ ಒಳವ್ಯಾಸ 68 ಮಿ.ಮೀ., ಪಿಸ್ಟನ್ ಚಲಿಸುವ ದೂರ 75 ಮಿ.ಮೀ., ಸಿಲಿಂಡರುಗಳು ನಾಲ್ಕು. ತ್ರಿಜ್ಯ 3.4 ಸೆಂ.ಮೀ. ಎಂದು ತೆಗೆದುಕೊಂಡರೆ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 36.3 ಚದರ ಸೆಂ.ಮೀ. ಅದನ್ನು 7.5ರಿಂದಲೂ ನಂತರ 4ರಿಂದಲೂ ಗುಣಿಸಿ. ಹೈಸ್ಕೂಲಿನ ಸಿಲಿಂಡರ್ ಸೂತ್ರ ಅಷ್ಟೇ.

ಇನ್ನು ತುಕ್ಕಿನ ವಿಷಯ. ಹಳೆ ಕಾರು ಸಾಯುವುದು ಇಂಜಿನ್ನಿನಿಂದಲ್ಲ, ತುಕ್ಕಿನಿಂದ. ಇಂಜಿನ್ ಬಿಚ್ಚಿ ಕಟ್ಟಬಹುದು, ಕರಗಿಹೋದ ತಗಡನ್ನು ಏನು ಮಾಡುತ್ತೀರಿ? ನಮ್ಮ ಗಾಡಿಯ ಮೇಲ್ಭಾಗ ನೋಡಲು ಚೆನ್ನಾಗಿಯೇ ಇತ್ತು. ಆದರೆ ಕಾಲ ಕೆಳಗಿನ ರಬ್ಬರ್ ಮ್ಯಾಟ್ ಎತ್ತಿದಾಗ ಡ್ರೈವರ್ ಬದಿಯಲ್ಲಿ ನೆಲದ ಸಿಮೆಂಟ್ ಕಾಣಿಸಿತು. ಅಕ್ಕನ ಮಗ ಅದರೊಳಗೆ ಕೈ ತೂರಿಸಿ ‘ಮಾಮು, ಇಲ್ಲಿಂದ ಟಾಟಾ ಮಾಡಬಹುದು’ ಎಂದ.

ಮಳೆಗಾಲದ ತೇವ ಮ್ಯಾಟಿನ ಕೆಳಗೆ ಸಿಕ್ಕಿಕೊಂಡರೆ ಆರುವುದೇ ಇಲ್ಲ. ಅಲ್ಲಿ ನಡೆಯುವುದು ನಿಮ್ಮ ರಸಾಯನಶಾಸ್ತ್ರ ಪುಸ್ತಕದ ವಿದ್ಯುತ್ ಕೋಶವೇ. ತಗಡಿನ ಒಂದು ಜಾಗ ಆನೋಡ್ ಆಗಿ ಕಬ್ಬಿಣದ ಪರಮಾಣು ಎರಡು ಎಲೆಕ್ಟ್ರಾನ್ ಬಿಟ್ಟು ಅಯಾನಾಗುತ್ತದೆ. ಆ ಎಲೆಕ್ಟ್ರಾನುಗಳು ಲೋಹದ ಮೂಲಕವೇ ಹರಿದು, ಗಾಳಿ ಹೆಚ್ಚು ಸಿಗುವ ಇನ್ನೊಂದು ಜಾಗದಲ್ಲಿ ಆಮ್ಲಜನಕವನ್ನು ಅಪಕರ್ಷಿಸುತ್ತವೆ. ಹನಿ ನೀರು ವಿದ್ಯುದ್ವಿಭಾಜ್ಯದ ಕೆಲಸ ಮಾಡುತ್ತದೆ. ಗಮನಿಸಬೇಕಾದ ಮಾತೆಂದರೆ, ಗಾಳಿ ಕಡಿಮೆ ಇರುವ ಜಾಗವೇ ಆನೋಡ್ ಆಗುತ್ತದೆ. ಅದಕ್ಕೇ ಮ್ಯಾಟಿನ ಅಡಿಯಲ್ಲಿ, ಬೀಡಿಂಗ್ ರಬ್ಬರಿನ ಹಿಂದೆ, ಎರಡು ತಗಡು ಸೇರುವ ಸಂದಿನಲ್ಲಿ ತುಕ್ಕು ಜಾಸ್ತಿ. ಬಯಲಿಗೆ ಕಾಣುವ ಬಾನೆಟ್ ಮೇಲೆ ಕಡಿಮೆ. ಹಳೆ ಗಾಡಿ ಕೊಳ್ಳಲು ಹೋದವರು ಬಣ್ಣದ ಹೊಳಪು ನೋಡಿ ಬರುತ್ತಾರೆ. ಮ್ಯಾಟ್ ಎತ್ತಿ ನೋಡಬೇಕು.

ಸಣ್ಣ ಕಬ್ಬಿಣದ ಭಾಗಗಳ ತುಕ್ಕನ್ನು ನಾವು ಮನೆಯಲ್ಲೇ ವಿದ್ಯುದ್ವಿಭಜನೆಯಿಂದ ತೆಗೆದೆವು. ಪ್ಲಾಸ್ಟಿಕ್ ಟಬ್ಬಿನಲ್ಲಿ ನೀರು, ಲೀಟರಿಗೆ ಒಂದು ದೊಡ್ಡ ಚಮಚದಷ್ಟು ವಾಷಿಂಗ್ ಸೋಡಾ, 12 ವೋಲ್ಟಿನ ಬ್ಯಾಟರಿ ಚಾರ್ಜರ್. ತುಕ್ಕು ಹಿಡಿದ ಭಾಗಕ್ಕೆ ಋಣ ತಂತಿ, ಬೇಡವಾದ ಕಬ್ಬಿಣದ ತುಂಡಿಗೆ ಧನ ತಂತಿ. ಎರಡೂ ಒಂದಕ್ಕೊಂದು ತಾಗಬಾರದು. ಭಾಗದಿಂದ ಹೈಡ್ರೋಜನ್ ಗುಳ್ಳೆಗಳು ಏಳುತ್ತವೆ. ರಾತ್ರಿ ಕಳೆದು ನೋಡಿದರೆ ಕೆಂಪು ತುಕ್ಕು ಕಪ್ಪಾಗಿ ಸಡಿಲಗೊಂಡು, ಬ್ರಷ್ಷಿಗೆ ಬಂದುಬಿಡುತ್ತದೆ. ಇದರಲ್ಲಿ ಮೂರು ಎಚ್ಚರಿಕೆ. ಹೈಡ್ರೋಜನ್ ಹೊತ್ತಿಕೊಳ್ಳುವ ಅನಿಲವಾದ್ದರಿಂದ ಬಯಲಿನಲ್ಲೇ ಮಾಡಬೇಕು. ಧನ ತಂತಿಗೆ ಸ್ಟೇನ್‌ಲೆಸ್ ಸ್ಟೀಲ್ ಚಮಚ ಕಟ್ಟಬಾರದು. ಅದರ ಕ್ರೋಮಿಯಂ ವಿಷಕಾರಿ ರೂಪದಲ್ಲಿ ನೀರಿಗೆ ಇಳಿಯುತ್ತದೆ. ಅಲ್ಯೂಮಿನಿಯಂ ಭಾಗವನ್ನು ಈ ಟಬ್ಬಿಗೆ ಹಾಕಿದರೆ ಕ್ಷಾರ ಅದನ್ನೇ ತಿನ್ನುತ್ತದೆ. ಹೀಗಾಗಿ ಕಾರ್ಬುರೇಟರನ್ನು ಅದರ ಹತ್ತಿರಕ್ಕೂ ಒಯ್ಯಲಿಲ್ಲ.

ನೆಲದ ತಗಡನ್ನು ಕತ್ತರಿಸಿ ಹೊಸದು ವೆಲ್ಡ್ ಮಾಡಲು ಟಿಂಕರಿಂಗ್ ಬಲ್ಲ ಒಬ್ಬ ಹಿರಿಯ ಉಸ್ತಾದರು ಮನೆಗೇ ಬಂದರು. ತೂತಿನ ಮೇಲೆ ಪಟ್ಟಿ ಮೆತ್ತಿ ಬಣ್ಣ ಹೊಡೆದರೆ ಅಗ್ಗವಾಗುತ್ತದಲ್ಲ ಎಂದು ಮನೆಯಲ್ಲಿ ಯಾರೋ ಅಂದಾಗ ಅವರು ‘ಹುಣ್ಣಿನ ಮೇಲೆ ಪೌಡರ್ ಹಾಕಿದ ಹಾಗೆ’ ಎಂದು ಸುತ್ತಿಗೆ ಕೈಗೆತ್ತಿಕೊಂಡರು. ಹೊಸ ತಗಡಿಗೆ ಸತು ಇರುವ ಪ್ರೈಮರ್ ಹೊಡೆದೆವು. ಕಬ್ಬಿಣದ ಪ್ರಮಾಣಿತ ವಿಭವ ಮೈನಸ್ 0.44 ವೋಲ್ಟ್, ಸತುವಿನದು ಮೈನಸ್ 0.76. ಹಾಗಾಗಿ ಬಣ್ಣ ಗೀರಿದರೂ ಮೊದಲು ಕರಗುವುದು ಸತು, ಕಬ್ಬಿಣವಲ್ಲ. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರುವ ಪ್ರಶ್ನೆ ಇದು.

ಇಂಜಿನ್ ಹಿಡಿದುಕೊಂಡಿತ್ತು. ವರ್ಷಗಟ್ಟಲೆ ನಿಂತ ಇಂಜಿನ್ನಿನಲ್ಲಿ ಪಿಸ್ಟನ್ ರಿಂಗುಗಳು ಸಿಲಿಂಡರಿಗೆ ಅಂಟಿಕೊಳ್ಳುತ್ತವೆ. ಹೊಸ ಬ್ಯಾಟರಿ ತಂದು ಸೆಲ್ಫ್ ಹೊಡೆದರೆ ಏನಾದರೊಂದು ಮುರಿಯುತ್ತದೆ. ನಾಲ್ಕೂ ಪ್ಲಗ್ ಬಿಚ್ಚಿ, ಡೀಸೆಲ್ ಬೆರೆಸಿದ ಇಂಜಿನ್ ಆಯಿಲನ್ನು ಒಳಗೆ ಹುಯ್ದು ಒಂದು ವಾರ ಬಿಟ್ಟೆವು. ನಂತರ ಟಾಪ್ ಗೇರಿಗೆ ಹಾಕಿ ಗಾಡಿಯನ್ನು ಮೆಲ್ಲಗೆ ಮುಂದಕ್ಕೆ ಹಿಂದಕ್ಕೆ ತೂಗಿದೆವು. ಮೂರನೇ ದಿನ ಒಂದು ಅಂಗುಲ ಸರಿಯಿತು. ಆಮೇಲೆ ರಂಜಾನ್ ತಿಂಗಳಿಡೀ ಗಾಡಿ ಮುಟ್ಟಲಿಲ್ಲ.

ಬಿಡಿಭಾಗಗಳಿಗೆ ಜೆ.ಸಿ. ರಸ್ತೆಯೇ ಗತಿ. ಅಲ್ಲಿ ಸಿಗದಿದ್ದರೆ ಶಿವಾಜಿನಗರದ ಗುಜರಿ ಅಂಗಡಿಗಳು. ಹಳೆ ಭಾಗವನ್ನು ಬಟ್ಟೆಯಲ್ಲಿ ಸುತ್ತಿ ಕೈಯಲ್ಲೇ ಒಯ್ಯಬೇಕು; ಬಾಯಲ್ಲಿ ವಿವರಿಸಿದರೆ ಇನ್ನೊಂದೇನೋ ಕೊಡುತ್ತಾರೆ. ಪದ್ಮಿನಿ ಸುಮಾರು 2000ದವರೆಗೂ ತಯಾರಾಗುತ್ತಿದ್ದುದರಿಂದ ಇಂಜಿನ್ ಸಾಮಾನು ಇನ್ನೂ ಸಿಗುತ್ತದೆ. ಸಿಗದೇ ಸತಾಯಿಸುವುದು ಕ್ರೋಮ್ ಪಟ್ಟಿ, ದೀಪದ ಗಾಜು, ಬಾಗಿಲ ಹಿಡಿಯಂಥವು.

ಕಾರ್ಬುರೇಟರ್ ಬರ್ನೌಲಿ ತತ್ವದ ಯಂತ್ರ. ಗಾಳಿಯ ದಾರಿ ಕಿರಿದಾದಲ್ಲಿ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆ, ಆ ಒತ್ತಡದ ವ್ಯತ್ಯಾಸವೇ ಪೆಟ್ರೋಲನ್ನು ಜೆಟ್ ಮೂಲಕ ಮೇಲಕ್ಕೆ ತಳ್ಳುತ್ತದೆ. ಜೆಟ್ ಕಟ್ಟಿಕೊಂಡಿದ್ದರೆ ಅನೇಕರು ತಂತಿ ಚುಚ್ಚಿ ಬಿಡಿಸುತ್ತಾರೆ. ಅದು ತಪ್ಪು. ಸೋಲೆಕ್ಸ್ ಜೆಟ್ಟಿನ ಮೇಲೆ 120 ಎಂದಿದ್ದರೆ ರಂಧ್ರದ ವ್ಯಾಸ 1.20 ಮಿ.ಮೀ. ಎಂದರ್ಥ. ತಂತಿ ಉಜ್ಜಿ ವ್ಯಾಸ ಶೇಕಡಾ 10ರಷ್ಟು ಹಿಗ್ಗಿದರೆ ವಿಸ್ತೀರ್ಣ ಶೇಕಡಾ 21ರಷ್ಟು ಹಿಗ್ಗುತ್ತದೆ. ಮೈಲೇಜ್ ಎಲ್ಲಿ ಹೋಯಿತೆಂದು ಆಮೇಲೆ ಹುಡುಕಬೇಕಾಗುತ್ತದೆ.

ಇಂದಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. 1970ರ ರಬ್ಬರ್ ಪೈಪು, ಪಂಪಿನ ಡಯಾಫ್ರಮ್ ಇದಕ್ಕಾಗಿ ಮಾಡಿದವಲ್ಲ, ಮೆತ್ತಗಾಗಿ ಬಿರಿಯುತ್ತವೆ. ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಗಾಡಿಯೇ ಉಳಿಯದು. ಹೀಗಾಗಿ ಅವನ್ನೆಲ್ಲ ಎಥನಾಲ್ ತಾಳುವ ಪೈಪಿಗೆ ಬದಲಾಯಿಸಿದೆವು. ಪೆಟ್ರೋಲಿನಲ್ಲಿ ಎಥನಾಲ್ ಇದೆಯೇ ಎಂದು ನೋಡಲು ಒಂದು ಸರಳ ಪ್ರಯೋಗವಿದೆ. ಲ್ಯಾಬಿನಲ್ಲಿ, ಉಪನ್ಯಾಸಕರ ಎದುರು, ಬೆಂಕಿ ಇಲ್ಲದ ಕಡೆ ಮಾತ್ರ. ಅಳತೆ ಸಿಲಿಂಡರಿಗೆ 20 ಮಿ.ಲೀ. ನೀರು, 50 ಮಿ.ಲೀ. ಪೆಟ್ರೋಲ್ ಹಾಕಿ, ಮುಚ್ಚಿ ಕುಲುಕಿ ನಿಲ್ಲಿಸಿ. ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿಗೆ ಸೇರುತ್ತದೆ. ಶೇಕಡಾ 20 ಇದ್ದರೆ ಕೆಳಗಿನ ಪದರ 20ರಿಂದ 30ರ ಹತ್ತಿರಕ್ಕೆ ಏರುತ್ತದೆ. ಪೂರ್ತಿ 30 ಏಕೆ ಆಗುವುದಿಲ್ಲ ಎಂಬುದನ್ನು ನಿಮ್ಮ ರಸಾಯನಶಾಸ್ತ್ರ ಉಪನ್ಯಾಸಕರನ್ನು ಕೇಳಿ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇಗ್ನಿಷನ್. ಬ್ಯಾಟರಿ 12 ವೋಲ್ಟ್, ಆದರೆ ಪ್ಲಗ್ಗಿನ ಕಿಡಿಗೆ ಹತ್ತು ಹದಿನೈದು ಸಾವಿರ ವೋಲ್ಟ್ ಬೇಕು. ಕಾಯಿಲಿನಲ್ಲಿ ಕೆಲವೇ ನೂರು ಸುತ್ತಿನ ದಪ್ಪ ತಂತಿ, ಅದರೊಂದಿಗೆ ಸಾವಿರಾರು ಸುತ್ತಿನ ಸಣ್ಣ ತಂತಿ. ಡಿಸ್ಟ್ರಿಬ್ಯೂಟರಿನ ಪಾಯಿಂಟ್ ತೆರೆದ ಕ್ಷಣ ಪ್ರವಾಹ ನಿಲ್ಲುತ್ತದೆ, ಕಾಂತಕ್ಷೇತ್ರ ಕುಸಿಯುತ್ತದೆ, ಫ್ಯಾರಡೆ ನಿಯಮದ ಪ್ರಕಾರ ಎರಡನೇ ಸುರುಳಿಯಲ್ಲಿ ಭಾರಿ ವೋಲ್ಟೇಜ್ ಹುಟ್ಟುತ್ತದೆ. ಇಲ್ಲಿ ಕೆಲಸ ಮಾಡುವುದು ಪ್ರವಾಹವಲ್ಲ, ಪ್ರವಾಹ ನಿಲ್ಲುವ ವೇಗ. ಪಾಯಿಂಟಿನ ಪಕ್ಕದಲ್ಲಿರುವ ಹೆಬ್ಬೆರಳ ಗಾತ್ರದ ಕಂಡೆನ್ಸರ್ ಕೆಟ್ಟರೆ ಕಿಡಿ ಪ್ಲಗ್ಗಿಗೆ ಹೋಗುವ ಬದಲು ಪಾಯಿಂಟಿನಲ್ಲೇ ಹಾರುತ್ತದೆ, ಕಾಂತಕ್ಷೇತ್ರ ನಿಧಾನಕ್ಕೆ ಇಳಿಯುತ್ತದೆ, ಗಾಡಿ ಸ್ಟಾರ್ಟ್ ಆಗುವುದಿಲ್ಲ. ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ, ನಾಲ್ಕು ಸಿಲಿಂಡರಿನ ಫೋರ್ ಸ್ಟ್ರೋಕ್ ಇಂಜಿನ್ನಿಗೆ ಸೆಕೆಂಡಿಗೆ 100 ಕಿಡಿ ಬೇಕು. ಅಷ್ಟನ್ನೂ ಒಂದು ಸಣ್ಣ ಪಾಯಿಂಟ್ ತೆರೆದು ಮುಚ್ಚಿ ಮಾಡುತ್ತದೆ.

ಬ್ರೇಕ್ ಕೆಲಸವನ್ನು ಮಾತ್ರ ನಾವು ಮುಟ್ಟದೆ ಮೆಕ್ಯಾನಿಕ್ಕಿಗೆ ಒಪ್ಪಿಸಿದೆವು. ಪ್ಯಾಸ್ಕಲ್ ನಿಯಮ ಬೋರ್ಡಿನ ಮೇಲೆ ಬರೆಯುವುದು ಬೇರೆ, ಅಬ್ಬಾ ಕೂತ ಗಾಡಿ ನಿಲ್ಲಿಸುವುದು ಬೇರೆ. ನಮ್ಮ ಗಾಡಿಯಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ದ್ರವದ ಸಾಲು. ಒಂದು ಕಡೆ ಸೋರಿದರೆ ನಾಲ್ಕೂ ಹೋಗುತ್ತವೆ. ಮಾಸ್ಟರ್ ಸಿಲಿಂಡರ್, ಚಕ್ರದ ಸಿಲಿಂಡರುಗಳ ರಬ್ಬರ್, ಪೈಪುಗಳು ಎಲ್ಲವೂ ಹೊಸವು. ಹಳೆ ಬ್ರೇಕ್ ಶೂಗಳ ಧೂಳಿನಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇರುವುದರಿಂದ ಬಾಯಿಂದ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಈಗ ಮನೆಯ ಜಗಳಕ್ಕೆ ಬರುತ್ತೇನೆ. ಅಕ್ಕನ ಮಗನ ಆಸೆ: ಹೊಸ ಕಾರಿನ ಇಂಜಿನ್, ಏಸಿ, ಅಗಲ ಟೈರು, ಮ್ಯಾಟ್ ಕಪ್ಪು ಬಣ್ಣ. ಫೋನಿನಲ್ಲಿ ಚಿತ್ರವನ್ನೂ ಮಾಡಿ ತೋರಿಸಿದ, ಚೆನ್ನಾಗಿಯೇ ಇತ್ತು. ಆದರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ಮೂಲ ವಿವರಣೆಗೆ ವಿರುದ್ಧವಾಗಿ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿಯಿತು. ಬಣ್ಣ ಬದಲಾದರೆ ಅದೂ ಆರ್‌ಸಿಯಲ್ಲಿ ನಮೂದಾಗಬೇಕು. ಕಾನೂನು ಬಿಟ್ಟು ನೋಡಿದರೂ, ಆ ಕಾಲದ ಡ್ರಮ್ ಬ್ರೇಕಿಗೆ ಎರಡು ಪಟ್ಟು ಶಕ್ತಿಯ ಇಂಜಿನ್ ಕೂರಿಸುವುದು ಭೌತಶಾಸ್ತ್ರಕ್ಕೆ ಒಪ್ಪದ ಮಾತು. ಚಲನಶಕ್ತಿ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ ಎಂದು ಅವನಿಗೆ ಮನೆಯಲ್ಲೂ ಪಾಠ ಮಾಡಬೇಕಾಯಿತು. ಅವನ ಪಾಲಿಗೂ ಕೆಲವು ಗೆಲುವು ಸಿಕ್ಕವು: ಮೂಲದಲ್ಲಿ ಇಲ್ಲದ ಸೀಟ್ ಬೆಲ್ಟನ್ನು ತಗಡಿನ ಹಿಂದೆ ಗಟ್ಟಿ ಪ್ಲೇಟ್ ಕೊಟ್ಟು ಹಾಕಿಸಿದೆವು, ಹೆಡ್‌ಲೈಟಿಗೆ ರಿಲೇ ಕೊಟ್ಟೆವು, ರೇಡಿಯಲ್ ಟೈರು ತಂದೆವು. ಬೇಡವೆಂದರೆ ನಾಳೆ ಬಿಚ್ಚಿ ಹಳೆಯದನ್ನೇ ಕೂರಿಸಬಹುದು ಎನ್ನುವಂಥ ಬದಲಾವಣೆ ಮಾತ್ರ ಎಂಬುದು ನಮ್ಮ ಒಪ್ಪಂದ. ಬಣ್ಣ ಡ್ಯಾಶ್‌ಬೋರ್ಡಿನ ಹಿಂದೆ ಸಿಕ್ಕಿದ ಮೂಲ ಬೂದು ಬಣ್ಣವೇ.

ಇನ್ನೊಂದು ತೀರ್ಮಾನ ಕಾಗದದ್ದು. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ, ಮೂಲ ರೂಪದಲ್ಲಿರುವ ಗಾಡಿಗಳಿಗೆ ವಿಂಟೇಜ್ ನೋಂದಣಿ ನಿಯಮ ತಂದಿತು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, 10 ವರ್ಷದ ಅವಧಿ, ಈಗಾಗಲೇ ನೋಂದಣಿ ಇರುವ ಗಾಡಿಗೆ ಹಳೆ ನಂಬರನ್ನೇ ಉಳಿಸಿಕೊಳ್ಳುವ ಅವಕಾಶ. ಆದರೆ ಅಂಥ ಗಾಡಿಯನ್ನು ಪ್ರದರ್ಶನ, ರ್‍ಯಾಲಿ, ಸಂಶೋಧನೆ, ಪೆಟ್ರೋಲ್, ರಿಪೇರಿಗಲ್ಲದೆ ಮಾಮೂಲಿಯಾಗಿ ರಸ್ತೆಗೆ ಇಳಿಸುವಂತಿಲ್ಲ. ತರಕಾರಿ ತರುವುದು ಆ ಪಟ್ಟಿಯಲ್ಲಿಲ್ಲ! ಹಾಗಾಗಿ ನಾವು ಸಾಮಾನ್ಯ ಗಾಡಿಯಂತೆ ಎಫ್‌ಸಿ ಮಾಡಿಸಿ, ಐದು ವರ್ಷಕ್ಕೊಮ್ಮೆ ಆಗುವ ನವೀಕರಣವನ್ನೇ ಆರಿಸಿಕೊಂಡೆವು. ಹಳೆ ಕಾರುಗಳನ್ನು ಹತ್ತಿರದಿಂದ ನೋಡುವ ಆಸೆ ಇರುವವರು ಶ್ರೀರಂಗಪಟ್ಟಣದ ಬಳಿ 2023ರಲ್ಲಿ ಆರಂಭವಾದ ‘ಪಯಣ’ ಸಂಗ್ರಹಾಲಯಕ್ಕೆ ಹೋಗಿ ಬನ್ನಿ. ಧರ್ಮಸ್ಥಳದವರ ಸಂಗ್ರಹ ಅಲ್ಲಿದೆ.

ಎಫ್‌ಸಿ ಆದ ಮರುಭಾನುವಾರ ಬೆಳಿಗ್ಗೆ ಆರಕ್ಕೆ, ರಸ್ತೆ ಖಾಲಿ ಇದ್ದಾಗ, ಜಯನಗರದ ಕಡೆ ಹೊರಟೆವು. ಹೋಗುವಾಗ ನಾನು ಓಡಿಸಿದೆ. ಬರುವಾಗ ಅಬ್ಬಾ ಬೀಗದ ಕೈ ಕೇಳಿದರು. ಸ್ಟೇರಿಂಗ್ ಪಕ್ಕದ ಗೇರ್ ಅವರ ಕೈಗೆ ಮರೆತಿರಲಿಲ್ಲ. ಹದಿನೆಂಟು ತುಂಬದ ಅಕ್ಕನ ಮಗ ಹಿಂದಿನ ಸೀಟಿನಲ್ಲಿ ಸೊಪ್ಪಿನ ಚೀಲ ಹಿಡಿದು ಟೆಂಪರೇಚರ್ ಮೀಟರ್ ಇಣುಕುತ್ತಿದ್ದ.

ವೈಪರ್ ಇನ್ನೂ ಸರಿಯಾಗಿಲ್ಲ. ಮಳೆ ಬಂದರೆ ಗಾಡಿ ಹೊರಗೆ ತೆಗೆಯುವುದಿಲ್ಲ. ಹಳೆಯ ಕಾಯಿಲ್, ಪಾಯಿಂಟ್ ಮತ್ತು ಕೆಟ್ಟ ಕಂಡೆನ್ಸರನ್ನು ಭೌತಶಾಸ್ತ್ರ ಲ್ಯಾಬಿನ ಕಪಾಟಿನಲ್ಲಿ ತಂದಿಟ್ಟಿದ್ದೇನೆ. ಪ್ರೇರಣೆಯ ಪಾಠ ಬಂದಾಗ ಎಲ್ಲ ಸೆಕ್ಷನ್ನಿನವರಿಗೂ ಕಿಡಿ ಹಾರಿಸಿ ತೋರಿಸುತ್ತೇನೆ. ಅಲ್ಲಿಯವರೆಗೆ ಯಾರೂ ಅದಕ್ಕೆ ಬ್ಯಾಟರಿ ಕೊಡಬೇಡಿ.